ಸಹಾಯ ಬೇಕು: ಚಳಿಗೆ ಗೊಬ್ಬರ ಕಳಿಯುತ್ತಿಲ್ಲ, ಮೆಣಸಿನ ಬೀಜ ಮೊಳೆಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮದು ತಾರಸಿ ತೋಟ. ಡಿಸೆಂಬರ್ ಶುರುವಾದಾಗಿನಿಂದ ಎರಡು ಕೆಲಸ ಕೈಕೊಟ್ಟಿವೆ.

ಮೊದಲು ಗೊಬ್ಬರ. 100 ಲೀಟರ್ ಡ್ರಮ್ಮಿಗೆ ಸುತ್ತಲೂ ತೂತು ಕೊರೆದು ಅಡುಗೆಮನೆ ಕಸ ಹಾಕುತ್ತೇನೆ. ನವೆಂಬರ್‌ವರೆಗೂ ಒಳಗೆ ಕೈ ಹಾಕಿದರೆ ಬಿಸಿ ತಾಗುತ್ತಿತ್ತು. ಈಗ ತಣ್ಣಗಿದೆ. ಅವರೆಕಾಯಿ ಕಾಲ ಅಲ್ವಾ, ಸಿಪ್ಪೆ ಜಾಸ್ತಿ. ಹಿತುಕಿದ ಬೇಳೆಯ ಸಿಪ್ಪೆಯಂತೂ ಒಂದಕ್ಕೊಂದು ಅಂಟಿಕೊಂಡು ಲೋಳೆಯಾಗಿದೆ, ಹುಳಿ ವಾಸನೆ ಬೇರೆ. ತರಗೆಲೆ ಬೆರೆಸಿ, ಕೋಲಿನಿಂದ ಮಗುಚಿ, ಹುಳಿ ಮಜ್ಜಿಗೆ ಚಿಮುಕಿಸಿದೆ. ವಾಸನೆ ಕಡಿಮೆಯಾಯಿತು, ಬಿಸಿ ಮಾತ್ರ ಬರಲಿಲ್ಲ. ಡ್ರಮ್ಮಿಗೆ ಗೋಣಿಚೀಲ ಸುತ್ತಬೇಕಾ? ಸಗಣಿ ನೀರು ಹಾಕಿದರೆ ತೇವ ಇನ್ನೂ ಹೆಚ್ಚಾಗುತ್ತಾ?

ಇನ್ನು ಬೀಜ. ಬೇಸಿಗೆ ಬೆಳೆಗೆ ಅಂತ ಟೊಮೆಟೊ, ಮೆಣಸಿನಕಾಯಿ ಈಗಲೇ ಟ್ರೇಗೆ ಹಾಕಿದೆ. ಟೊಮೆಟೊ ಒಂಬತ್ತನೇ ದಿನ ತಲೆ ಎತ್ತಿತು. ಮೆಣಸಿನಕಾಯಿ 18 ದಿನವಾದರೂ ಇಲ್ಲ. ಅದಕ್ಕೆ 25ರಿಂದ 30 ಡಿಗ್ರಿ ಬೆಚ್ಚಗಿನ ಮಣ್ಣು ಬೇಕು, ಇಲ್ಲಿ ರಾತ್ರಿ 15ಕ್ಕೆ ಇಳಿಯುತ್ತಿದೆ. ಒಂದು ಬೀಜ ಕೆದಕಿ ನೋಡಿದೆ. ಕೊಳೆತಿಲ್ಲ, ಉಬ್ಬಿದೆ ಅಷ್ಟೆ. ಟ್ರೇಯನ್ನು ಒಳಗೆ ಫ್ರಿಜ್ ಮೇಲಿಟ್ಟು ಕಾಯಲಾ, ಇಲ್ಲ ಸಂಕ್ರಾಂತಿ ಕಳೆದ ಮೇಲೆ ಹೊಸದಾಗಿ ಬಿತ್ತಲಾ? ಊರಿಂದ ಅಮ್ಮ ಕಟ್ಟಿಕೊಟ್ಟ ಬೀಜ, ಉಳಿದಿರುವುದು ಒಂದು ಚಿಟಿಕೆ. ಸುಮ್ನೆ ಹಾಳು ಮಾಡಲು ಮನಸ್ಸಿಲ್ಲ.

ಹೀರೆ, ಸೌತೆ ಫೆಬ್ರವರಿಗೆ ಇಟ್ಟುಕೊಂಡಿದ್ದೇನೆ. ಅಷ್ಟರೊಳಗೆ ಈ ಗೊಬ್ಬರ ಸಿಕ್ಕರೆ ಸಾಕು. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.