‘ಅಮಾನತು’, ‘ಅತಿಥಿ ನಟಿ’, ‘ನಿವ್ವಳ ಲಾಭ’: ಜೇಮ್ಸ್ ಗಾರ್ನರ್ ಜೀವನಚಿತ್ರದಲ್ಲಿ ಯಾವ ಪದ ಸರಿ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಟಿವಿ ಮತ್ತು ಸಿನಿಮಾ ನಟ ಜೇಮ್ಸ್ ಗಾರ್ನರ್ (1928–2014) ಅವರ ಕಿರು ಜೀವನಚಿತ್ರವೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಓಕ್ಲಹೋಮದ ನಾರ್ಮನ್ ಊರಿನಲ್ಲಿ ಹುಟ್ಟಿದ್ದು, ಕೊರಿಯಾ ಯುದ್ಧ, 1957ರಲ್ಲಿ ಟಿವಿಯಲ್ಲಿ ಶುರುವಾದ ‘ಮ್ಯಾವರಿಕ್’, 1963ರ ‘ದಿ ಗ್ರೇಟ್ ಎಸ್ಕೇಪ್’ ಇವೆಲ್ಲ ಸುಲಭವಾಗಿ ಬಂದಿವೆ. ಸಂದೇಹ ಇರುವುದು ಈ ವಾಕ್ಯಗಳಲ್ಲಿ:

“1960ರಲ್ಲಿ ವಾರ್ನರ್ ಬ್ರದರ್ಸ್ ಅವರನ್ನು ಅಮಾನತು ಮಾಡಿತು.”
“1974ರ ಮಾರ್ಚ್‌ನಲ್ಲಿ ‘ದಿ ರಾಕ್‌ಫರ್ಡ್ ಫೈಲ್ಸ್’ ಧಾರಾವಾಹಿಯ ಮೊದಲ ಕಂತು ಪ್ರಸಾರವಾಯಿತು.”
“ಅತಿಥಿ ನಟಿ ರೀಟಾ ಮೊರೆನೊ ಅವರಿಗೆ ಎಮ್ಮಿ ಪ್ರಶಸ್ತಿ ಬಂತು.”
“ಧಾರಾವಾಹಿಯ ನಿವ್ವಳ ಲಾಭದ ಪಾಲಿಗಾಗಿ ಅವರು ಯೂನಿವರ್ಸಲ್ ಮೇಲೆ ದಾವೆ ಹೂಡಿದರು.”

ಪದಕ್ಕೆ ಪದ ನೋಡಿದರೆ ಯಾವುದೂ ತಪ್ಪೆನಿಸುವುದಿಲ್ಲ. ಆದರೆ ಓದುವವರಿಗೆ ಬೇರೆಯೇ ಅರ್ಥ ಹೊಳೆಯುತ್ತದೆಯೇ? ಜೊತೆಗೆ, ಮರುಪ್ರಸಾರವಾದಾಗ ನಟರಿಗೆ ಸಿಗುವ ಹಣಕ್ಕೆ ‘ರಾಜಧನ’ ಎನ್ನಬಹುದೇ? ಬಲ್ಲವರು ತಿಳಿಸಬೇಕು.

ಉತ್ತರ:

ಮೊದಲು ‘ಅಮಾನತು’. ಈ ಪದ ಕಣ್ಣಿಗೆ ಬಿದ್ದ ಕೂಡಲೇ ನಮ್ಮ ಓದುಗರು ಕೇಳುವುದು “ಏನು ತಪ್ಪು ಮಾಡಿದ್ದ?” ಎಂದು. ನಮ್ಮಲ್ಲಿ ನೌಕರನ ಮೇಲೆ ಆರೋಪ ಬಂದಾಗ, ಇಲಾಖಾ ವಿಚಾರಣೆ ಮುಗಿಯುವ ತನಕ ಅವನನ್ನು ಕೆಲಸದಿಂದ ದೂರ ಇಡುವುದಕ್ಕೆ ಅಮಾನತು ಎನ್ನುತ್ತೇವೆ. ಆಗಲೂ ಜೀವನಾಧಾರ ಭತ್ಯೆ ಸಿಗುತ್ತದೆ. ಹಾಲಿವುಡ್ ಸ್ಟುಡಿಯೋಗಳ ಒಪ್ಪಂದದಲ್ಲಿ ಇದ್ದದ್ದು ಬೇರೆ. ಅಲ್ಲಿ ಸಂಬಳ ಪೂರ್ತಿ ನಿಲ್ಲುತ್ತಿತ್ತು, ಒಪ್ಪಂದ ಮಾತ್ರ ಜೀವಂತ ಇರುತ್ತಿತ್ತು, ಹಾಗಾಗಿ ನಟ ಬೇರೆ ಕಡೆ ದುಡಿಯುವ ಹಾಗೂ ಇರಲಿಲ್ಲ. ಇನ್ನೂ ಹಿಂದೆ ಹೋದರೆ, ಹೀಗೆ ಕೂತು ಕಳೆದ ದಿನಗಳನ್ನೆಲ್ಲ ಒಪ್ಪಂದದ ಕೊನೆಗೆ ಸೇರಿಸುತ್ತಿದ್ದರು. ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಇದೇ ವಾರ್ನರ್ ವಿರುದ್ಧ ಹೋರಾಡಿ, ಒಪ್ಪಂದದ ಗರಿಷ್ಠ ಅವಧಿಯಾದ ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷವೇ ಎಂದು 1944ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯದಿಂದ ತೀರ್ಪು ಪಡೆದರು.

ಗಾರ್ನರ್ ವಿಷಯದಲ್ಲಿ ಅವರ ತಪ್ಪು ಏನೂ ಇರಲಿಲ್ಲ. 1960ರ ಜನವರಿಯಲ್ಲಿ ಚಿತ್ರಕಥೆಗಾರರ ಸಂಘ ಮುಷ್ಕರ ಹೂಡಿತು, ಅದು ಜೂನ್‌ವರೆಗೆ ನಡೆಯಿತು. ಮುಷ್ಕರದಿಂದ ಚಿತ್ರೀಕರಣ ನಿಂತರೆ ಸಂಬಳ ಕೊಡಬೇಕಿಲ್ಲ ಎಂಬ ಷರತ್ತು ಒಪ್ಪಂದದಲ್ಲಿತ್ತು. ಚಿತ್ರಕಥೆ ಇಲ್ಲ ಎಂದು ಹೇಳಿ ವಾರ್ನರ್ ಅದನ್ನೇ ಬಳಸಿತು. ವಾಸ್ತವದಲ್ಲಿ ಸ್ಟುಡಿಯೋಗೆ ಚಿತ್ರಕಥೆಗಳು ಒಳಗೊಳಗೇ ಬರುತ್ತಲೇ ಇದ್ದವು. ಆ ದಿನಗಳ ವಾರ್ನರ್ ಕಾರ್ಯಕ್ರಮಗಳಲ್ಲಿ ಲೇಖಕರ ಹೆಸರಿನ ಜಾಗದಲ್ಲಿ ‘ಡಬ್ಲ್ಯೂ. ಹರ್ಮಾನೋಸ್’ ಎಂದು ಕಾಣುತ್ತದೆ. ಹರ್ಮಾನೋಸ್ ಎಂದರೆ ಸ್ಪ್ಯಾನಿಷ್‌ನಲ್ಲಿ ಸಹೋದರರು, ಅಂದರೆ ಅದು ವಾರ್ನರ್ ಬ್ರದರ್ಸ್‌ನದೇ ಮರೆಹೆಸರು. ಒಪ್ಪಂದ ಮುರಿದದ್ದು ಸ್ಟುಡಿಯೋ, ಆದ್ದರಿಂದ ತಾನು ಬಿಡುಗಡೆಯಾದೆ ಎಂಬುದು ಗಾರ್ನರ್ ವಾದ. ನ್ಯಾಯಾಲಯ ಅದನ್ನು ಒಪ್ಪಿತು, 1961ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ತೀರ್ಪು ಹುಡುಕುವವರು ‘ಗಾರ್ನರ್’ ಎಂದು ಹುಡುಕಬಾರದು. ಪ್ರಕರಣ ಇರುವುದು ಅವರ ಹುಟ್ಟುಹೆಸರಾದ ‘ಬಮ್‌ಗಾರ್ನರ್’ ಎಂಬುದರಲ್ಲಿ.

ಹಾಗಾಗಿ ವಾಕ್ಯ ಹೀಗಿರಲಿ: “1960ರಲ್ಲಿ ಚಿತ್ರಕಥೆಗಾರರ ಮುಷ್ಕರದ ನೆಪ ಹೇಳಿ ವಾರ್ನರ್ ಬ್ರದರ್ಸ್ ಅವರ ಸಂಬಳ ತಡೆಹಿಡಿಯಿತು.” ಪದ ಹೆಚ್ಚಾದರೂ ನಟನ ಮೇಲೆ ಇಲ್ಲದ ಕಳಂಕ ಬರುವುದಿಲ್ಲ. ಒಪ್ಪಂದದ ಆ ಷರತ್ತಿಗೆ ‘ಕೈಮೀರಿದ ಪರಿಸ್ಥಿತಿಯ ಷರತ್ತು’ ಎಂದರೆ ಸಾಕು. ‘ದೈವಾಧೀನ’ ಎಂಬುದು ಬಿರುಗಾಳಿ, ಭೂಕಂಪಕ್ಕೆ ಹೊಂದುತ್ತದೆ, ಮುಷ್ಕರಕ್ಕಲ್ಲ.

ಎರಡನೆಯದು ‘ಧಾರಾವಾಹಿ’. ಇವತ್ತಿನ ಕನ್ನಡದಲ್ಲಿ ಇದು ನಿನ್ನೆ ನಿಂತಲ್ಲಿಂದ ಇವತ್ತು ಮುಂದುವರಿಯುವ ಕಥೆ. ‘ಮ್ಯಾವರಿಕ್’, ‘ರಾಕ್‌ಫರ್ಡ್’ ಎರಡೂ ಹಾಗಲ್ಲ. ಪಾತ್ರಗಳು ಅವೇ, ಕಥೆ ಪ್ರತಿ ವಾರ ಹೊಸದು. ‘ಮ್ಯಾವರಿಕ್’ ಹೇಗೆ ತಯಾರಾಗುತ್ತಿತ್ತು ಎಂದು ತಿಳಿಯಬೇಕಾದರೂ ಈ ವ್ಯತ್ಯಾಸ ಬೇಕು. ಒಂದು ಕಂತಿನ ಚಿತ್ರೀಕರಣಕ್ಕೆ ಎಂಟು ದಿನ ಹಿಡಿಯುತ್ತಿತ್ತು, ಪ್ರಸಾರ ಮಾತ್ರ ಏಳು ದಿನಕ್ಕೊಮ್ಮೆ. ಒಬ್ಬನೇ ನಟನನ್ನು ನಂಬಿದರೆ ಕೆಲವೇ ವಾರಗಳಲ್ಲಿ ಕೈಯಲ್ಲಿ ಕಂತು ಇರುವುದಿಲ್ಲ. ಅದಕ್ಕಾಗಿ ಜ್ಯಾಕ್ ಕೆಲ್ಲಿ ಅವರನ್ನು ತಂದು ಬಾರ್ಟ್ ಎಂಬ ಸಹೋದರನ ಪಾತ್ರ ಸೃಷ್ಟಿಸಿ, ಎರಡು ತಂಡಗಳಲ್ಲಿ ಒಟ್ಟೊಟ್ಟಿಗೆ ಚಿತ್ರೀಕರಣ ನಡೆಸಿದರು. ಗಾರ್ನರ್ ಒಂದು ವಾರದ ನಾಯಕ, ಕೆಲ್ಲಿ ಇನ್ನೊಂದು ವಾರದ ನಾಯಕ. ಬಿಡಿ ಕಥೆಗಳಾದ್ದರಿಂದ ಇದು ಸಾಧ್ಯವಾಯಿತು. ‘ಟಿವಿ ಸರಣಿ’ ಎಂದು ಬರೆಯಿರಿ.

ಇನ್ನೊಂದು ಉತ್ತರ:

‘ಧಾರಾವಾಹಿ’ ಬಗ್ಗೆ ಮೇಲಿನವರ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಹೆಚ್ಚಾಗಿ ಬಿಡಿ ಕಥೆಗಳದ್ದೇ, ಆದರೂ ಅದನ್ನು ಜನ ಧಾರಾವಾಹಿ ಎಂದೇ ಕರೆದರು, ಈಗಲೂ ಕರೆಯುತ್ತಾರೆ. ಪದ ಅಷ್ಟು ಇಕ್ಕಟ್ಟಿನದಲ್ಲ. ‘ಸರಣಿ’ ಬರೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ‘ಪ್ರತಿ ವಾರ ಬಿಡಿ ಕಥೆ’ ಎಂದು ಒಂದು ಸಲ ಸ್ಪಷ್ಟವಾಗಿ ಹೇಳಿಬಿಡಿ. ಆ ಕೆಲಸವನ್ನು ‘ಸರಣಿ’ ಎಂಬ ಪದ ತಾನಾಗಿ ಮಾಡುವುದಿಲ್ಲ. ‘ಸೀಸನ್’ ಹಾಗೇ ಇರಲಿ, ‘ಋತು’ ಮಾಡಬೇಡಿ. ಸೀಸನ್ ಎಂದರೇನೆಂದು ಈಗ ಎಲ್ಲರಿಗೂ ಗೊತ್ತು.

‘ಮೊದಲ ಕಂತು’ ಮಾತ್ರ ಖಂಡಿತ ಬದಲಾಗಬೇಕು. 1974ರ ಮಾರ್ಚ್‌ನಲ್ಲಿ ಬಂದದ್ದು ಪೈಲಟ್, ಅಂದರೆ ವಾಹಿನಿಯವರು ನೋಡಿ ‘ಸರಣಿ ಮಾಡಬಹುದು’ ಎಂದು ತೀರ್ಮಾನಿಸಲು ತಯಾರಿಸುವ ಮಾದರಿ ಕಂತು. ಇಲ್ಲಿ ಅದು ಟಿವಿ ಚಿತ್ರದ ರೂಪದಲ್ಲಿತ್ತು. ಎನ್‌ಬಿಸಿ ವಾಹಿನಿಯಲ್ಲಿ ಸರಣಿ ಶುರುವಾದದ್ದು ಅದೇ ವರ್ಷ ಸೆಪ್ಟೆಂಬರ್ 13ಕ್ಕೆ. ನಡುವಿನ ತಿಂಗಳುಗಳಲ್ಲಿ ಪಾತ್ರಧಾರಿಗಳೂ ಬದಲಾಗಬಹುದು. ನಾಯಕನ ತಂದೆ ರಾಕಿಯ ಪಾತ್ರ ಪೈಲಟ್‌ನಲ್ಲಿ ರಾಬರ್ಟ್ ಡಾನ್ಲಿ ಅವರದು, ಸರಣಿಯಲ್ಲಿ ನೋವಾ ಬೀರಿ ಜೂನಿಯರ್ ಅವರದು. ಎರಡನ್ನೂ ಒಂದೇ ಎಂದುಕೊಂಡು ತಾರಾಗಣ ಬರೆದವರು ಎಡವುವುದು ಇಲ್ಲೇ. ‘ಪೈಲಟ್’ ಎಂದರೆ ವಿಮಾನ ನೆನಪಾಗುತ್ತದೆ ಎನಿಸಿದರೆ ‘ಮಾದರಿ ಕಂತು’ ಬಳಸಿ.

‘ಅತಿಥಿ ನಟಿ’ ಇನ್ನೂ ಸೂಕ್ಷ್ಮ. ಕನ್ನಡ ಸಿನಿಮಾದಲ್ಲಿ ಅತಿಥಿ ಪಾತ್ರವೆಂದರೆ ದೊಡ್ಡ ತಾರೆ ಸ್ನೇಹಕ್ಕಾಗಿ ಒಂದೆರಡು ದೃಶ್ಯದಲ್ಲಿ ಮುಖ ತೋರಿಸಿ ಹೋಗುವುದು. ಅಮೆರಿಕದ ಟಿವಿಯಲ್ಲಿ ಅದು ಸಂಭಾವನೆಯ ಒಂದು ದರ್ಜೆ. ಆ ವಾರದ ಕಥೆ ಯಾರ ಸುತ್ತ ಸುತ್ತುತ್ತದೋ ಅವರೇ ಎಷ್ಟೋ ಸಲ ‘ಅತಿಥಿ’. ರೀಟಾ ಮೊರೆನೊ ಪಾತ್ರ ಅಂಥದ್ದು. ಅವರಿಗೆ 1978ರಲ್ಲಿ ಬಂದ ಎಮ್ಮಿ, ಸರಣಿಯೊಂದರ ಒಂದೇ ಕಂತಿನಲ್ಲಿ ಮುಖ್ಯ ಪಾತ್ರ ಮಾಡಿದ ನಟಿಗೆ ಆಗ ಕೊಡುತ್ತಿದ್ದಂಥದ್ದು. “ಒಂದು ಕಂತಿನ ಮುಖ್ಯ ಪಾತ್ರಕ್ಕಾಗಿ ರೀಟಾ ಮೊರೆನೊ ಅವರಿಗೆ ಎಮ್ಮಿ ಬಂತು” ಎಂದರೆ ಅರ್ಥ ನೇರವಾಗಿ ಮುಟ್ಟುತ್ತದೆ. ಆಗಾಗ ಬರುವ ಪಾತ್ರಕ್ಕೆ, ಉದಾಹರಣೆಗೆ ಸ್ಟುವರ್ಟ್ ಮಾರ್ಗೋಲಿನ್ ಮಾಡಿದ ಏಂಜೆಲ್‌ಗೆ, ‘ಮರಳಿ ಮರಳಿ ಬರುವ ಪಾತ್ರ’ ಎನ್ನಿ. ಗಾರ್ನರ್ ಸ್ವತಃ ಇಂಥ ದರ್ಜೆಗಳನ್ನು ದಾಟಿದವರು. 2003ರಲ್ಲಿ ನಟ ಜಾನ್ ರಿಟರ್ ಹಠಾತ್ತಾಗಿ ತೀರಿಕೊಂಡ ಮೇಲೆ ಅವರ ಹಾಸ್ಯ ಸರಣಿಗೆ ಅಜ್ಜನ ಪಾತ್ರದಲ್ಲಿ ಬಂದರು. ಮೊದಲು ಕೆಲವು ಕಂತುಗಳಿಗೆ, ಆಮೇಲೆ ಕಾಯಂ ತಾರಾಗಣಕ್ಕೆ.

ಉತ್ತರ (ಲೆಕ್ಕಪತ್ರದ ಪದಗಳ ಬಗ್ಗೆ):

‘ನಿವ್ವಳ ಲಾಭ’ ಅನುವಾದವಾಗಿ ಸರಿ. ಆದರೆ ವಾಣಿಜ್ಯ ಪಠ್ಯದ ನಿವ್ವಳ ಲಾಭವೇ ಬೇರೆ, ಸ್ಟುಡಿಯೋ ಒಪ್ಪಂದದ ನಿವ್ವಳ ಲಾಭವೇ ಬೇರೆ. ಅಲ್ಲಿ ಯಾವುದನ್ನು, ಯಾವ ಕ್ರಮದಲ್ಲಿ ಕಳೆಯಬೇಕೆಂದು ಒಪ್ಪಂದವೇ ನಿರ್ಧರಿಸುತ್ತದೆ. ಟಿವಿ ಸರಣಿಗೆ ವಾಹಿನಿ ಕೊಡುವ ಹಣ ಸಾಮಾನ್ಯವಾಗಿ ತಯಾರಿಕೆಯ ಖರ್ಚಿಗೆ ಸಾಲುವುದಿಲ್ಲ. ಕೊರತೆಯನ್ನು ಸ್ಟುಡಿಯೋ ಭರಿಸಿ, ಮುಂದೆ ಊರೂರಿನ ಕೇಂದ್ರಗಳಿಗೆ ಮರುಪ್ರಸಾರದ ಹಕ್ಕು ಮಾರಿ ವಸೂಲು ಮಾಡುತ್ತದೆ.

ಸುಮ್ಮನೆ ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಮರುಪ್ರಸಾರದಿಂದ 100 ಬಂತು. ಹಂಚಿಕೆಯ ಶುಲ್ಕವೆಂದು 35 ಸ್ಟುಡಿಯೋದ್ದೇ ಇನ್ನೊಂದು ವಿಭಾಗಕ್ಕೆ ಹೋಯಿತು. ಪ್ರತಿ, ಸಾಗಣೆ, ಜಾಹೀರಾತು 10. ಉಳಿದದ್ದು 55. ಹಳೆಯ ಕೊರತೆ 40, ಅದರ ಮೇಲೆ ಆಡಳಿತ ವೆಚ್ಚ 6, ಇಷ್ಟು ವರ್ಷದ ಬಡ್ಡಿ 14. ಒಟ್ಟು 60. ಕಾರ್ಯಕ್ರಮ ಎಲ್ಲ ಕಡೆ ಓಡುತ್ತಿದ್ದರೂ ‘ನಿವ್ವಳ’ ಇನ್ನೂ 5 ಕಡಿಮೆ. ಪಾಲು ಇರುವ ನಟನಿಗೆ ಬಿಡಿಗಾಸೂ ಇಲ್ಲ. ಬಡ್ಡಿ ಬೆಳೆಯುತ್ತಲೇ ಇರುವುದರಿಂದ ಮುಂದಿನ ವರ್ಷವೂ ಇದೇ ಆಗಬಹುದು.

ಗಾರ್ನರ್ 1983ರಲ್ಲಿ ಯೂನಿವರ್ಸಲ್ ಸ್ಟುಡಿಯೋ ಮೇಲೆ ದಾವೆ ಹೂಡಿದ್ದು ಇಂಥ ಲೆಕ್ಕದ ವಿರುದ್ಧ. ‘ರಾಕ್‌ಫರ್ಡ್’ ಪ್ರಸಾರ ನಿಂತು ಆಗ ಮೂರು ವರ್ಷವಾಗಿತ್ತು. 1989ರಲ್ಲಿ ರಾಜಿಯಾಯಿತು, ಮೊತ್ತವನ್ನು ಬಹಿರಂಗಪಡಿಸಲಿಲ್ಲ. ಆದ್ದರಿಂದ ‘ಗೆದ್ದರು’ ಎಂದು ಬರೆಯದೆ ‘ರಾಜಿಯಲ್ಲಿ ಮುಗಿಯಿತು’ ಎಂದೇ ಬರೆಯಿರಿ. ವಾರ್ನರ್ ಪ್ರಕರಣದಲ್ಲಿ ಗೆದ್ದದ್ದು ಹೌದು, ಇಲ್ಲಿ ತೀರ್ಪೇ ಬರಲಿಲ್ಲ. ವಾಕ್ಯ: “ಒಪ್ಪಂದದಲ್ಲಿ ಹೇಳಿದ ‘ನಿವ್ವಳ ಲಾಭ’ದ ಪಾಲನ್ನು ಸರಿಯಾಗಿ ಲೆಕ್ಕ ಹಾಕಿಲ್ಲವೆಂದು ದಾವೆ ಹೂಡಿದರು.” ಉದ್ಧರಣ ಚಿಹ್ನೆ ಬೇಕೇ ಬೇಕು.

‘ರಾಜಧನ’ ಬೇಡ. ಪತ್ರಿಕೆ ಓದುವವರಿಗೆ ಅದು ಗಣಿಗಾರಿಕೆಯಿಂದ ಸರ್ಕಾರಕ್ಕೆ ಸಲ್ಲುವ ಹಣ. ‘ಗೌರವಧನ’ ಅದಕ್ಕಿಂತಲೂ ತಪ್ಪು, ಯಾಕೆಂದರೆ ಇದು ಯಾರ ಔದಾರ್ಯವೂ ಅಲ್ಲ, ಹಕ್ಕು. ‘ಮರುಪ್ರಸಾರ ಸಂಭಾವನೆ’ ಎಂದರೆ ಯಾರಿಗೂ ಗೊಂದಲವಾಗದು. ಇದನ್ನು ಲಾಭದ ಪಾಲಿನ ಜೊತೆ ಬೆರೆಸಬೇಡಿ. ಮರುಪ್ರಸಾರ ಸಂಭಾವನೆ ನಟರ ಸಂಘದ ಒಪ್ಪಂದದಿಂದ ಬರುತ್ತದೆ, ಸರಣಿ ನಷ್ಟದಲ್ಲಿದ್ದರೂ ಕೊಡಲೇಬೇಕು. ಸಿನಿಮಾಗಳು ಟಿವಿಯಲ್ಲಿ ಬಂದಾಗಲೂ ನಟರಿಗೆ ಹಣ ಸಲ್ಲಬೇಕೆಂಬುದು 1960ರ ನಟರ ಮುಷ್ಕರದಿಂದ ಸಾಧ್ಯವಾಯಿತು. ಆಗ ಸಂಘದ ಅಧ್ಯಕ್ಷರು ರೊನಾಲ್ಡ್ ರೇಗನ್. ಲಾಭದ ಪಾಲು ಮಾತ್ರ ಒಬ್ಬೊಬ್ಬ ನಟ ಚೌಕಾಸಿ ಮಾಡಿ ಪಡೆಯುವಂಥದ್ದು.

ಕೇಳದೇ ಹೇಳುವ ಒಂದು ಮಾತು. ಕೊರಿಯಾ ಯುದ್ಧದ ಭಾಗದಲ್ಲಿ ‘ಪರ್ಪಲ್ ಹಾರ್ಟ್’ ಬರುತ್ತದೆ, ಗಾರ್ನರ್ ಅವರಿಗೆ ಎರಡು ಸಲ ಸಿಕ್ಕಿದೆ. ಅದನ್ನು ‘ಶೌರ್ಯ ಪದಕ’ ಮಾಡಿಬಿಡಬೇಡಿ. ಶತ್ರುವಿನೊಡನೆ ಕಾದಾಡುವಾಗ ಗಾಯಗೊಂಡ ಅಥವಾ ಮಡಿದ ಸೈನಿಕರಿಗೆ ಕೊಡುವ ಪದಕ ಅದು. ಹೆಸರನ್ನು ಹಾಗೇ ಇಟ್ಟು, ‘ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ’ ಎಂದು ಹಿಂದೆ ಸೇರಿಸಿದರೆ ಸಾಕು.