20 ಎಂಎಂ ಜಿಐ ಪೈಪಿಗೆ ಆಫ್‌ಸೆಟ್ ಬೆಂಡ್ ಸರಿ ಬರುದಿಲ್ಲ, ಗೊತ್ತಿದ್ದವರು ಹೇಳಿ

ಮಲ್ಪೆ_ಹುಡುಗ:
ಮಲ್ಪೆಯಲ್ಲಿ ಒಂದು ಐಸ್ ಪ್ಲಾಂಟಿನ ವೈರಿಂಗ್ ಮಾಡ್ತಾ ಇದ್ದೇನೆ, ಪೂರಾ 20 ಎಂಎಂ ಜಿಐ ಕಂಡ್ಯೂಟ್ (ವೈರ್ ಹಾಕುವ ಸತು ಲೇಪನದ ಕಬ್ಬಿಣದ ಪೈಪ್). ಗೋಡೆಯಿಂದ ಬೀಮ್ 75 ಎಂಎಂ ಹೊರಗೆ ಉಂಟು, ಪೈಪ್ ಅದನ್ನು ದಾಟಿ ಹೋಗ್ಬೇಕು, ಅದಕ್ಕೆ ಆಫ್‌ಸೆಟ್ ಬೆಂಡ್, ಅಂದ್ರೆ ಎರಡು ಕಡೆ ವಿರುದ್ಧ ದಿಕ್ಕಿಗೆ ಬಗ್ಗಿಸುದು. ಹ್ಯಾಂಡ್ ಬೆಂಡರಲ್ಲಿ ಕಣ್ಣಂದಾಜಿಗೆ ಬಗ್ಗಿಸಿದ್ರೆ ಒಂದೋ ಬೀಮಿಗೆ ತಾಗ್ತದೆ, ಇಲ್ಲದಿದ್ರೆ ಎರಡು ಬೆರಳು ಗ್ಯಾಪ್ ಬರ್ತದೆ. ನಿನ್ನೆ ಒಂದೇ ದಿನ ಮೂರು ಪೈಪ್ ಹಾಳಾಯ್ತು. ಮತ್ತೆ ನೆಲದಲ್ಲಿಟ್ರೆ ಚಪ್ಪಟೆ ಕೂರುದೇ ಇಲ್ಲ, ಒಂದು ತುದಿ ಎದ್ದು ನಿಲ್ತದೆ. ಎಂತ ತಪ್ಪು ಮಾಡ್ತಾ ಇದ್ದೇನೆ?

ಬೈಕಂಪಾಡಿ_ವೈರ್‌ಮನ್:
ಅಂದಾಜು ಬಿಡಿ ಮಾರಾಯ್ರೆ, ಲೆಕ್ಕ ಸುಲಭ ಉಂಟು. ಎರಡೂ ಬೆಂಡ್ 30 ಡಿಗ್ರಿ ಇಟ್ರೆ ಎರಡು ಮಾರ್ಕಿನ ನಡುವೆ ಎತ್ತರದ ಎರಡು ಪಟ್ಟು, ಅಂದ್ರೆ ನಿಮ್ಮ 75ಕ್ಕೆ 150 ಎಂಎಂ. ಓರೆಯಾಗಿ ಹೋಗುವಾಗ ಪೈಪಿನ ಉದ್ದ ಸ್ವಲ್ಪ ಕಡಿಮೆ ಆಗ್ತದೆ, 30 ಡಿಗ್ರಿಗೆ ಎತ್ತರದ ಕಾಲು ಭಾಗಕ್ಕಿಂತ ಚೂರು ಜಾಸ್ತಿ, ನಿಮ್ಮದಕ್ಕೆ 20 ಎಂಎಂ. ಪೈಪಿನ ತುದಿಯಿಂದ ಬೀಮಿಗೆ 600 ಇದ್ರೆ ಮೊದಲ ಮಾರ್ಕ್ 620ಕ್ಕೆ ಹಾಕಿ, ಎರಡನೆಯದ್ದು ಅಲ್ಲಿಂದ ತುದಿಯ ಕಡೆಗೆ 150 ಹಿಂದೆ, 470ಕ್ಕೆ. ಈ 20 ಎಂಎಂ ಮರೆತ್ರೆ ಬೆಂಡ್ ಬೀಮಿಗಿಂತ 20 ಎಂಎಂ ಮೊದಲೇ ಮುಗೀತದೆ.

ಹ್ಯಾಂಡಲ್ ಎಳೆದು ಬಗ್ಗಿಸ್ಬೇಡಿ, ಕಾಲಿನ ಭಾರ ಪೂರಾ ಬೆಂಡರ್ ಮೇಲೆ ಹಾಕಿ, ಕೈ ದಾರಿ ತೋರಿಸ್ಲಿಕ್ಕೆ ಮಾತ್ರ. ಕೈ ಬಲದಲ್ಲೇ ಎಳೆದ್ರೆ ಪೈಪ್ ಒಳಗಡೆ ಮಡಚ್ತದೆ. ಬಿಟ್ಟಾಗ ಎರಡು ಮೂರು ಡಿಗ್ರಿ ವಾಪಸ್ ಬರ್ತದೆ, ಅಷ್ಟು ಜಾಸ್ತಿ ಬಗ್ಗಿಸಿ ಬಿಟ್ಟು ಮೊಬೈಲಿನ ಲೆವೆಲ್ ಆ್ಯಪ್ ಪೈಪಿಗೆ ಒತ್ತಿ ನೋಡಿ.

ಸುರತ್ಕಲ್_ಸೈಟ್:
ತುದಿ ಎದ್ದು ನಿಲ್ಲುದು ತಿರುಚಿದ್ದಕ್ಕೆ, ಎರಡನೆಯ ಬೆಂಡ್ ಮೊದಲನೆಯದ್ದರ ನೇರಕ್ಕೆ ಇಲ್ಲ. ಬಗ್ಗಿಸುವ ಮೊದಲೇ ಪೈಪನ್ನು ಎಲ್ ಆ್ಯಂಗಲ್ ಒಳಗೆ ಇಟ್ಟು ಅದರ ಅಂಚಿಗೆ ಮಾರ್ಕರ್ ಒತ್ತಿ ಉದ್ದಕ್ಕೆ ಒಂದು ಗೆರೆ ಎಳೀರಿ. ಮೊದಲ ಬೆಂಡ್ ಆದ್ಮೇಲೆ ಪೈಪ್ ಅರ್ಧ ಸುತ್ತು ತಿರುಗಿಸುವಾಗ ಆ ಗೆರೆ ಬೆಂಡರಿನ ನಡುವಿಗೇ ಸರಿಯಾಗಿ ಬರ್ಬೇಕು. ಬಗ್ಗಿಸುವ ಮುಂಚೆ ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡಿ, ಓರೆ ಇದ್ರೆ ಗೊತ್ತಾಗ್ತದೆ. ಪೈಪಿನ ವೆಲ್ಡ್ ಗೆರೆ ಒಳಗೂ ಬೇಡ ಹೊರಗೂ ಬೇಡ, ಪಕ್ಕಕ್ಕೆ ಬರ್ಲಿ.

ಮಲ್ಪೆ_ಹುಡುಗ:
ಅಣ್ಣ, ಜಾಗ ಕಡಿಮೆ ಉಂಟು, 45 ಡಿಗ್ರಿ ಮಾಡಿದ್ರೆ ಆಗುದಿಲ್ವಾ? ಮತ್ತೆ ಬಾಕ್ಸಿಗೆ ಇಳಿಯುವ 90 ಡಿಗ್ರಿ ಬೆಂಡಿಗೆ ಮಾರ್ಕ್ ಹಾಕುವಾಗ ಬೇಕಾದ ಎತ್ತರದಿಂದ ಎಷ್ಟು ಕಳೀಬೇಕು?

ಬೈಕಂಪಾಡಿ_ವೈರ್‌ಮನ್:
45 ಆಗ್ತದೆ, ಆಗ ಎರಡು ಪಟ್ಟಿನ ಬದಲು 1.4 ಪಟ್ಟು, ನಿಮಗೆ 105 ಎಂಎಂ. ಆದ್ರೆ ವೈರ್ ಎಳೆಯುವಾಗ ಬಿಗಿ ಆಗ್ತದೆ, ಎರಡು ಬಾಕ್ಸ್ ನಡುವೆ ಎಲ್ಲಾ ಬೆಂಡ್ ಕೂಡಿಸಿ 360 ಡಿಗ್ರಿ ದಾಟ್ಬಾರ್ದು. ನಾನಾದ್ರೆ 30ನ್ನೇ ಮಾಡ್ತೇನೆ.

90ಕ್ಕೆ ಬೇರೆಯವರ ನಂಬರ್ ನಂಬ್ಬೇಡಿ, ಒಂದೊಂದು ಬೆಂಡರಿಗೆ ಒಂದೊಂದು ಅಳತೆ. ವೇಸ್ಟ್ ತುಂಡಿನಲ್ಲಿ ತುದಿಯಿಂದ 300ಕ್ಕೆ ಮಾರ್ಕ್ ಹಾಕಿ, ಬೆಂಡರಿನ ಬಾಣದ ಗುರುತಿಗೆ ಇಟ್ಟು 90 ಬಗ್ಗಿಸಿ, ಆಮೇಲೆ ನೆಲದಿಂದ ಎತ್ತರ ಅಳೀರಿ. 425 ಬಂದ್ರೆ ನಿಮ್ಮ ಬೆಂಡರಿಗೆ 125 ಕಳೀಬೇಕು ಅಂತ ಅರ್ಥ, ಅದನ್ನು ಹ್ಯಾಂಡಲ್ ಮೇಲೆ ಬರ್ದಿಡಿ. ಕತ್ತರಿಸಿದ ತುದಿಗೆ ರೌಂಡ್ ಫೈಲ್ ಹಾಕಿ, ಇಲ್ಲದಿದ್ರೆ ವೈರಿನ ಇನ್ಸುಲೇಶನ್ ಸೀಳ್ತದೆ. ಮತ್ತೆ ಜಿಂಕ್ ಪೇಂಟ್, ಮಲ್ಪೆಯ ಉಪ್ಪು ಗಾಳಿಗೆ ಅದು ಬೇಕೇ ಬೇಕು.

ಮಲ್ಪೆ_ಹುಡುಗ:
ಇವತ್ತು 620, 470 ಹಾಕಿ ಮಾಡಿದೆ, ಮೊದಲ ಪೈಪೇ ಬೀಮ್ ಮೇಲೆ ಸರಿ ಕೂತಿತು. ನನ್ನ ಬೆಂಡರಿಗೆ ಕಳೆಯುವ ಅಳತೆ 118 ಬಂತು. ತುಂಬಾ ಉಪಕಾರ ಆಯ್ತು ಅಣ್ಣ.