ಊರಿನ ಉದ್ಯಮಗಳಿಗೆ ಬಂಡವಾಳ ಹಾಕುವ ಕೆಲಸ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮ್ಮೂರು ಹರಿಹರದ ಹತ್ತಿರ. ಬಿ.ಕಾಂ ಮುಗಿಸಿ ಬೆಂಗಳೂರಿನಲ್ಲಿ ಆಡಿಟ್ ಕೆಲಸದಲ್ಲಿದ್ದೇನೆ. ಜನರಿಗೂ ಒಳ್ಳೇದಾಗಬೇಕು, ಹಾಕಿದ ದುಡ್ಡೂ ವಾಪಸ್ ಬರಬೇಕು ಅಂತ ಹೂಡಿಕೆ ಮಾಡುತ್ತಾರಲ್ಲ, ಇಂಪ್ಯಾಕ್ಟ್ ಇನ್ವೆಸ್ಟಿಂಗ್, ಆ ಕಡೆ ಬರುವ ಆಸೆ. ಮುಂದೆ ಊರಲ್ಲೇ ಏನಾದರೂ ಕಟ್ಟಬೇಕು. ಅನುಭವ ಇದ್ದವರು ಹೇಳಿ.

ಚಳ್ಳಕೆರೆಯಿಂದ: ಇಲ್ಲಿನ ಒಂದು ರೈತ ಉತ್ಪಾದಕ ಕಂಪನಿಯಲ್ಲಿ, ಅಂದರೆ ರೈತರೇ ಷೇರು ಹಾಕಿ ಸದಸ್ಯರಾಗಿರುವ ಕಂಪನಿಯಲ್ಲಿ, ಲೆಕ್ಕ, ಖರೀದಿ ಎರಡೂ ನನ್ನದೇ. ಬೇರೆಯವರ ದುಡ್ಡು ಒಟ್ಟುಗೂಡಿಸಿ ಉದ್ಯಮಗಳಲ್ಲಿ ಹೂಡುವ ಫಂಡ್‌ಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ಇಂಥ ಕಡೆ ಒಂದು ಸುಗ್ಗಿಯಾದರೂ ಕೆಲಸ ಮಾಡಿ. ಮುಂಗಾರಿನ ಶೇಂಗಾ ಎಲ್ಲ ಕೆಲವೇ ವಾರಗಳಲ್ಲಿ ಬಂದುಬಿಡುತ್ತದೆ. ಒಂದು ಹಿಡಿ ಕಾಯಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸುತ್ತೇವೆ, ಗಲಗಲ ಅಂದರೆ ಒಣಗಿದೆ ಅಂತ ಲೆಕ್ಕ, ಒಡೆದು ಬೀಜ ನೋಡಿ ತೂಕಕ್ಕೆ ಹಾಕುತ್ತೇವೆ. ರೈತರಿಗೆ ಅವತ್ತೇ ದುಡ್ಡು ಬೇಕು, ಗೊಬ್ಬರದಂಗಡಿ ಬಾಕಿ ಇರುತ್ತದೆ, ಕೂಲಿ ಕೊಡಬೇಕು. 'ವಾರ ಬಿಟ್ಟು ಬನ್ನಿ' ಅಂದರೆ, ನಮ್ಮ ಸದಸ್ಯರೇ ಆದರೂ, ಮುಂದಿನ ಗಾಡಿ ದಲ್ಲಾಳಿ ಮಂಡಿಗೆ ಹೋಗುತ್ತದೆ. ನಮ್ಮಿಂದ ಶೇಂಗಾ ಕೊಳ್ಳುವ ಮಿಲ್ಲಿನವರು ನಮಗೆ ದುಡ್ಡು ಕೊಡೋದು ಯಾವಾಗಲೂ ತಡ. ಆ ನಡುವಿನ ದಿನಗಳಿಗೆ ದುಡ್ಡು ಕೊಡುವವರೇ ನಮ್ಮ ಪಾಲಿಗೆ ನಿಜವಾದ ಹೂಡಿಕೆದಾರರು. 2020ರ ಕೇಂದ್ರ ಯೋಜನೆಯಲ್ಲಿ ಹೊಸ ರೈತ ಉತ್ಪಾದಕ ಕಂಪನಿಗೆ 3 ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ಇಟ್ಟಿದ್ದರು, ಆದರೆ ಅದು ಸಂಬಳ, ಬಾಡಿಗೆಯಂಥ ಖರ್ಚಿಗೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಉತ್ಪಾದಕ ಕಂಪನಿಯ ಷೇರು ಬೆಳೆಗಾರರಿಗೆ, ಅವರ ಸಂಸ್ಥೆಗಳಿಗೆ ಮಾತ್ರ. ಹೊರಗಿನ ಫಂಡ್ ಪಾಲು ತಗೊಳ್ಳೋಕಾಗಲ್ಲ. ಹಾಗಾಗಿ ಸಾಲವೇ ದಾರಿ. ಕೃಷಿ, ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್‌ನ ನಬ್‌ಕಿಸಾನ್, ಚೆನ್ನೈನ ಸಮುನ್ನತಿ ಅನ್ನುವ ಹಣಕಾಸು ಕಂಪನಿಗಳು ಇಂಥ ಸಾಲ ಕೊಡುತ್ತವೆ. ಆಡಿಟ್ ಗೊತ್ತಿರುವ, ಕನ್ನಡ ಮಾತಾಡುವ, ಮಂಡಿಯಲ್ಲಿ ನಿಂತು ನೋಡಿದ ಮನುಷ್ಯ ಅಂಥ ಕಡೆ ತುಂಬಾ ಬೇಕು.

ದಾವಣಗೆರೆಯಿಂದ: ನಾನು ಕೆಲವು ವರ್ಷ ಒಂದು ಫಂಡ್‌ನಲ್ಲಿದ್ದೆ. ಇಂಥ ಹೂಡಿಕೆ ಮಾಡುವ ಆವಿಷ್ಕಾರ್, ಅಕ್ಯುಮೆನ್ ಸಂಸ್ಥೆಗಳು ಎರಡೂ ಶುರುವಾಗಿದ್ದು 2001ರಲ್ಲಿ, ಈ ಕ್ಷೇತ್ರ ಹೊಸದೇನಲ್ಲ. ಆದರೂ ಕೆಲಸಗಳು ಕಡಿಮೆ, ಇರೋದು ಜಾಸ್ತಿ ಮುಂಬೈ, ಬೆಂಗಳೂರಲ್ಲಿ. ಫಂಡ್‌ಗೂ ಒಂದು ಅವಧಿ ಇರುತ್ತದೆ, ಸಾಮಾನ್ಯವಾಗಿ 10 ವರ್ಷದ ಆಸುಪಾಸು, ಅಷ್ಟರೊಳಗೆ ದುಡ್ಡು ಹಾಕಿದವರಿಗೆ ವಾಪಸ್ ಕೊಡಬೇಕು. ಬೇಗ ಬೆಳೆಯದ ಊರಿನ ಉದ್ಯಮಕ್ಕೆ ಅದು ಹೊಂದೋದು ಕಷ್ಟ. ಬೆಂಗಳೂರಿನ ಸೋಲಾರ್ ಕಂಪನಿ ಸೆಲ್ಕೋ ಹೇಗೆ ಬೆಳೆಯಿತು ಅಂತ ಖಂಡಿತ ನೋಡಿ. 1995ರಲ್ಲಿ ಶುರುವಾಯಿತು, ಅದನ್ನು ಕಟ್ಟಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೋಲಾರ್ ದೀಪ ಮಾರಿದ್ದಷ್ಟೇ ಅಲ್ಲ, ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ, ಜನರ ಕೈಗೆ ದುಡ್ಡು ಬರುವ ರೀತಿಗೆ ತಕ್ಕಂತೆ ಕಂತು ಮಾಡಿಸಿದ್ದು ದೊಡ್ಡ ಕೆಲಸ.

ಮೊಳಕಾಲ್ಮೂರಿಂದ: ನಾವು ನೇಕಾರರು. ಎಷ್ಟು ಜನಕ್ಕೆ ಉಪಯೋಗ ಆಯಿತು ಅಂತ ದುಡ್ಡು ಹಾಕುವವರೆಲ್ಲ ಫಾರಂ ತುಂಬಿಸುತ್ತಾರೆ. ಒಂದು ಸೀರೆ ಮಗ್ಗದಿಂದ ಇಳಿದಾಗ ನೇಯ್ದವರಿಗೆ ಎಷ್ಟು ಕೂಲಿ ಉಳಿಯಿತು, ಅದನ್ನು ಕೇಳಿ ಸಾರ್.

ಚಳ್ಳಕೆರೆಯಿಂದ: ಹೌದು, ಇದೇ ಸರಿಯಾದ ಪ್ರಶ್ನೆ. ಅಂದಹಾಗೆ, ನಮ್ಮ ಖರೀದಿ ಹೊತ್ತಿಗೆ ರಜೆ ಹಾಕಿ ಬರೋದಾದರೆ ಬನ್ನಿ, ತೂಕದ ಚೀಟಿ ಬರೆಯೋಕೆ ಒಬ್ಬರು ಬೇಕೇ ಬೇಕು.